ಪೋಲಿಂಗ್ ಬೇರೆ, ಮೌಂಟ್ ಬೇರೆ

ಲಿನಕ್ಸ್‌ನಲ್ಲಿ ಸಿಡಿಯಂಥ ಡಿಸ್ಕ್ ಬರ್ನ್ ಮಾಡುವಾಗ, ಅಂದರೆ ಅದಕ್ಕೆ ಡೇಟಾ ಬರೆಯುವಾಗ, ಅರ್ಧಕ್ಕೆ ಕೈಕೊಟ್ಟಿತು ಅಂದರೆ ಸಾಕು, ಈಗಲೂ ಅದೇ ಸಲಹೆ ಬರುತ್ತದೆ: ‘ಆಟೋಮೌಂಟ್ ಆಫ್ ಮಾಡಿ’. ಸಲಹೆ ಕೊಡುವವರ ಮನಸ್ಸು ಒಳ್ಳೆಯದೇ. ಆದರೆ ಅವರು ಹೇಳಬೇಕಾದ ಪದ ಪೋಲಿಂಗ್, ಅಂದರೆ ಡಿಸ್ಕ್ ಬಂತಾ ಎಂದು ಕಂಪ್ಯೂಟರ್ ಡ್ರೈವನ್ನು ಆಗಾಗ ಕೇಳುವುದು. ಈ ಎರಡನ್ನು ಕಲಸಿಬಿಟ್ಟಿದ್ದರಿಂದ ಎಷ್ಟೋ ಜನ ಸುಮ್ನೆ ಸೆಟ್ಟಿಂಗ್ಸ್ ತಡಕಾಡುತ್ತಾ, ಮತ್ತೆ ಮತ್ತೆ ಡಿಸ್ಕ್ ಹಾಳು ಮಾಡಿಕೊಳ್ಳುತ್ತಿದ್ದಾರೆ.

ಖಾಲಿ ಸಿಡಿಯನ್ನು ಮೌಂಟ್ ಮಾಡೋಕೆ ಆಗುತ್ತಾ? ಆಗಲ್ಲ. ಡಿಸ್ಕ್ ಮೇಲಿರುವ ಫೈಲ್ ಸಿಸ್ಟಮ್ಮನ್ನು ನಮ್ಮ ಫೋಲ್ಡರ್‌ಗಳ ಸಾಲಿಗೆ ಜೋಡಿಸುವುದೇ ಮೌಂಟ್. ಖಾಲಿ ಡಿಸ್ಕಿನಲ್ಲಿ ಫೈಲ್ ಸಿಸ್ಟಮ್ಮೇ ಇರುವುದಿಲ್ಲ. ಜೋಡಿಸಲು ಏನೂ ಇಲ್ಲದ ಕಡೆ ಆಟೋಮೌಂಟ್ ಏನು ಕೆಡಿಸೀತು? ಈಗಾಗಲೇ ಬರೆದ ಡಿಸ್ಕಿಗೆ ಇನ್ನೊಂದು ಸೆಷನ್ (ಬರಹದ ಕಂತು) ಸೇರಿಸುವಾಗ, ಇಲ್ಲವೇ ಮತ್ತೆ ಮತ್ತೆ ಬರೆಯಬಹುದಾದ ಆರ್‌ಡಬ್ಲ್ಯು ಡಿಸ್ಕ್ ಅಳಿಸುವಾಗ ಮೌಂಟ್ ಅಡ್ಡ ಬರಬಹುದು, ನಿಜ. ಅದು ಸಾಮಾನ್ಯವಾಗಿ ಶುರುವಿನಲ್ಲೇ ಗೊತ್ತಾಗುತ್ತದೆ. ‘ಡಿವೈಸ್ ಬ್ಯುಸಿ’ ಎಂದು ಹೇಳಿ ಕೆಲಸ ಅಲ್ಲೇ ನಿಲ್ಲುತ್ತದೆ, ಡಿಸ್ಕ್ ಉಳಿಯುತ್ತದೆ. ಖಾಲಿ ಡಿಸ್ಕ್ ನಡುವೆ ಕೆಟ್ಟರೆ ಮೌಂಟ್ ಮೇಲೆ ತಪ್ಪು ಹೊರಿಸುವುದರಲ್ಲಿ ಅರ್ಥವಿಲ್ಲ.

ಹಾಗಾದರೆ ಪೋಲಿಂಗ್ ಯಾಕೆ ಬೇಕು? ಪೆನ್‌ಡ್ರೈವ್ ಚುಚ್ಚಿದರೆ ಯುಎಸ್‌ಬಿ ಹಬ್ಬೇ ಕಂಪ್ಯೂಟರ್‌ಗೆ ಸುದ್ದಿ ಮುಟ್ಟಿಸುತ್ತದೆ. ಸಿಡಿ ಡ್ರೈವ್ ಹಾಗಲ್ಲ. ಡ್ರೈವ್ ಮೊದಲಿಂದ ಅಲ್ಲೇ ಇದೆ, ಒಳಗಿನ ಡಿಸ್ಕ್ ಮಾತ್ರ ಬದಲಾಗುತ್ತದೆ. ಅದನ್ನು ತಾನಾಗಿ ಹೇಳುವ ದಾರಿ ಐಡಿಇ ಎಂಬ ಹಳೆಯ ಜೋಡಣೆಯ ಡ್ರೈವ್‌ಗಳಿಗೆ ಇರಲಿಲ್ಲ. ಆಮೇಲಿನ ಸಾಟಾ ಜೋಡಣೆಯಲ್ಲಿ ಅಂಥ ಸೌಲಭ್ಯ ಬಂತು, ಆದರೆ ಎಲ್ಲ ಡ್ರೈವ್‌ಗಳೂ ಅದನ್ನು ಪಾಲಿಸುತ್ತವೆ ಎಂದು ನಂಬುವ ಹಾಗಿಲ್ಲ. ಆದ್ದರಿಂದ ಕಂಪ್ಯೂಟರೇ ಆಗಾಗ ಕೇಳಬೇಕು: ‘ಏನಾದ್ರೂ ಬಂತಾ? ರೆಡಿನಾ?’ ಡ್ರೈವ್‌ಗಳೊಂದಿಗೆ ಮಾತಾಡುವ ಸ್ಕಸಿ ಕಮಾಂಡ್‌ಗಳಲ್ಲಿ ಒಂದಕ್ಕೆ ‘ಟೆಸ್ಟ್ ಯೂನಿಟ್ ರೆಡಿ’ ಎಂದೇ ಹೆಸರು. ಒಲೆ ಮುಂದೆ ಇರುವವರನ್ನು ಗಳಿಗೆಗೊಮ್ಮೆ ‘ಆಯ್ತಾ?’ ಎಂದು ಕೇಳುವ ಹಾಗೆ.

ಲಿನಕ್ಸ್ ಡೆಸ್ಕ್‌ಟಾಪ್‌ನಲ್ಲಿ ಈ ಕೇಳುವ ಕೆಲಸವನ್ನು ಕೆಲವು ವರ್ಷ ಮಾಡಿದ್ದು ಹ್ಯಾಲ್, ಕಂಪ್ಯೂಟರ್‌ನ ಸಾಧನಗಳ ಮೇಲೆ ಕಣ್ಣಿಡುವ ಸಾಫ್ಟ್‌ವೇರ್. ಡೇವಿಡ್ ಝೂಥೆನ್ ಶುರು ಮಾಡಿದ ಯೋಜನೆ. ಅದರ ಸ್ಟೋರೇಜ್ ಆಡ್‌ಆನ್ ಎರಡು ಸೆಕೆಂಡಿಗೊಮ್ಮೆ ಡ್ರೈವ್ ತೆರೆದು, ಕೇಳಿ, ಮುಚ್ಚುತ್ತಿತ್ತು. ಬರೀ ಈ ಪ್ರಶ್ನೆಯಿಂದ ಡಿಸ್ಕ್ ಕೆಡುವುದು ಕಡಿಮೆ. ಆಮೇಲೆ ಬರುವ ಕಮಾಂಡ್‌ಗಳೇ ಹೆಚ್ಚು ಅಪಾಯ. ಸ್ಥಿತಿ ಬದಲಾಯಿತು ಎಂದು ಕಂಡ ಕೂಡಲೇ ಪತ್ತೆ ಮಾಡುವ ಸಾಫ್ಟ್‌ವೇರ್ ಡಿಸ್ಕಿನ ವಿಷಯಸೂಚಿ ಓದಲು, ಲೇಬಲ್ ಹುಡುಕಲು ಹೊರಡುತ್ತದೆ. ಬರೆಯುತ್ತಿರುವ ಡ್ರೈವ್‌ಗೆ ನಡುವೆ ‘ಓದು’ ಎಂಬ ಆಜ್ಞೆ. ಕೆಲವು ಡ್ರೈವ್‌ಗಳ ಫರ್ಮ್‌ವೇರ್ (ಡ್ರೈವ್ ಒಳಗಿನ ಸಾಫ್ಟ್‌ವೇರ್) ಸಹಿಸಿಕೊಳ್ಳುತ್ತದೆ, ಕೆಲವು ಬರೆಯುವುದನ್ನೇ ಬಿಟ್ಟುಬಿಡುತ್ತವೆ. ‘ನನ್ನ ಮಶೀನಲ್ಲಿ ಸರಿಯಾಗೇ ಆಗುತ್ತೆ’ ಎಂಬ ಮಾತು ಇಲ್ಲಿ ಯಾರಿಗೂ ಉಪಯೋಗಕ್ಕೆ ಬರುವುದಿಲ್ಲ.

‘ಅಂಡರ್‌ರನ್ ಪ್ರೊಟೆಕ್ಷನ್ ಇದೆಯಲ್ಲ’ ಅನ್ನುವವರೂ ಇದ್ದಾರೆ. ಸಿಡಿಯ 16 ಪಟ್ಟು ವೇಗ ಅಂದರೆ ಸೆಕೆಂಡಿಗೆ ಸುಮಾರು 2.4 ಎಂಬಿ. ಬರೆಯಬೇಕಾದ ಡೇಟಾ ಕಾಯುವ 2 ಎಂಬಿ ಬಫರ್ ಒಂದು ಸೆಕೆಂಡ್ ಕೂಡ ಬಾಳುವುದಿಲ್ಲ. ಡೇಟಾ ತಡವಾದಾಗ ಬರೆಯುವುದನ್ನು ನಿಲ್ಲಿಸಿ, ಮತ್ತೆ ಅಲ್ಲಿಂದಲೇ ಮುಂದುವರಿಸಲು ಆ ಸೌಲಭ್ಯ. ಬೇರೆ ಯಾರೋ ಕಳಿಸಿದ ಆಜ್ಞೆಯನ್ನು ತಡೆಯುವುದು ಅದರ ಕೆಲಸವಲ್ಲ.

ಹ್ಯಾಲ್ ಮತ್ತು ಬರ್ನಿಂಗ್ ಸಾಫ್ಟ್‌ವೇರ್ ನಡುವಿನ ಜಗಳದ ಬೇರು ಬೀಗದಲ್ಲಿತ್ತು. ಲಿನಕ್ಸ್‌ನ ತಿರುಳಾದ ಕರ್ನಲ್‌ನ 2.6ನೇ ಆವೃತ್ತಿಯಿಂದ, ಡಿಸ್ಕ್ ಡ್ರೈವ್‌ನಂಥ ಒಂದು ಬ್ಲಾಕ್ ಸಾಧನವನ್ನು ‘ಓ ಎಕ್ಸ್‌ಕ್ಲ್’ (O_EXCL) ಎಂಬ ಗುರುತಿನೊಂದಿಗೆ ತೆರೆಯಬಹುದು. ಅದೇ ಗುರುತಿನಿಂದ ಬರುವ ಎರಡನೆಯವರಿಗೆ ಆಗ ಬಾಗಿಲು ಸಿಗುವುದಿಲ್ಲ. ಗುರುತಿಲ್ಲದೆ ಬಂದವರಿಗೆ ಸಿಗುತ್ತದೆ! ಅಂದರೆ ಇದು ಒಪ್ಪಂದ, ಗಟ್ಟಿ ಬೀಗವಲ್ಲ. ಡ್ರೈವ್ ಮೌಂಟ್ ಆಗಿರದಿದ್ದರೆ ಹ್ಯಾಲ್ ಈ ಒಪ್ಪಂದ ಪಾಲಿಸುತ್ತಿತ್ತು. ಆದರೆ ಯೋರ್ಗ್ ಶಿಲ್ಲಿಂಗ್ ಅವರ ಬರ್ನಿಂಗ್ ಸಾಫ್ಟ್‌ವೇರ್ ಸಿಡಿರೆಕಾರ್ಡ್, ಎಸ್‌ಆರ್ ಎಂಬ ಮಾಮೂಲಿ ಬಾಗಿಲಿನ ಬದಲು ಎಸ್‌ಜಿ ಎಂಬ ಇನ್ನೊಂದು ಬಾಗಿಲಿನಿಂದಲೂ ಅದೇ ಡ್ರೈವ್ ತಲುಪುತ್ತಿತ್ತು. ಒಂದು ಬಾಗಿಲಿಗೆ ಹಾಕಿದ ಬೀಗ ಇನ್ನೊಂದಕ್ಕೆ ಕಾಣುವುದಿಲ್ಲ. ಡ್ರೈವ್ ತನ್ನೊಬ್ಬನದೇ ಎಂದು ಎರಡೂ ಕಡೆಯವರು ತಿಳಿದಿದ್ದರು. ಶಿಲ್ಲಿಂಗ್ ಹ್ಯಾಲ್ ಮತ್ತು ಲಿನಕ್ಸ್ ಕರ್ನಲ್ ಕಡೆ ಬೆರಳು ತೋರಿಸಿದರು, ಆ ಕಡೆಯವರು ಎಸ್‌ಜಿ ದಾರಿಯನ್ನು ದೂರಿದರು. ಇಬ್ಬರ ಮಾತಿನಲ್ಲೂ ಹುರುಳಿತ್ತು ಎಂದೇ ನನಗನಿಸುತ್ತದೆ. ಆದರೆ ಬಳಕೆದಾರರಿಗೆ ಬೇಕಾಗಿದ್ದು ತೀರ್ಪಲ್ಲ, ಕರ್ನಲ್ ಒಳಗೇ ಒಂದು ವ್ಯವಸ್ಥೆ. (2006ರಲ್ಲಿ ಡೆಬಿಯನ್ ಎಂಬ ಲಿನಕ್ಸ್ ವಿತರಣೆಯವರು ಸಿಡಿರೆಕಾರ್ಡ್ ಬಿಟ್ಟು ವೋಡಿಮ್ ಎಂಬ ಬದಲಿ ಮಾಡಿಕೊಂಡದ್ದು ಲೈಸೆನ್ಸ್ ತಕರಾರಿನಿಂದ. ದಯವಿಟ್ಟು ಅದನ್ನೂ ಇದಕ್ಕೆ ಸೇರಿಸಬೇಡಿ.)

2011ರಲ್ಲಿ ಬಂದ ಕರ್ನಲ್ 2.6.38ರಲ್ಲಿ ಪೋಲಿಂಗ್ ಕರ್ನಲ್ ಒಳಗೇ ಸೇರಿತು. ಟೆಜುನ್ ಹಿಯೋ ಅವರ ಕೆಲಸ. ಬರ್ನಿಂಗ್ ಸಾಫ್ಟ್‌ವೇರ್ ಎಸ್‌ಆರ್ ಸಾಧನವನ್ನು ‘ಓ ಎಕ್ಸ್‌ಕ್ಲ್’ ಗುರುತಿನೊಂದಿಗೆ ಬರೆಯಲು ತೆರೆದರೆ, ಕರ್ನಲ್ ತಾನೇ ಪೋಲಿಂಗ್ ನಿಲ್ಲಿಸುತ್ತದೆ. ಬರೆದು ಮುಗಿದ ಮೇಲೆ ಮತ್ತೆ ಶುರು. ಹ್ಯಾಲ್ ಅಷ್ಟರಲ್ಲಿ ಬಳಕೆಯಿಂದ ಸರಿದಿತ್ತು, ಅದರ ಜಾಗಕ್ಕೆ ಯುಡೆವ್, ಯುಡಿಸ್ಕ್ಸ್ ಬಂದಿದ್ದವು. ಆದರೂ ಎಸ್‌ಜಿ ಮೂಲಕ ಹೋಗುವ ಸಾಫ್ಟ್‌ವೇರ್‌ಗೆ ಈ ರಕ್ಷಣೆ ಸಿಗುವುದಿಲ್ಲ, ಹಳೆಯ ತೊಂದರೆ ಹಾಗೇ ಇರುತ್ತದೆ.

ಹಾಗಾಗಿ ಯಾರಾದರೂ ಸಹಾಯ ಕೇಳಿದರೆ ಮೊದಲು ವಿಚಾರಿಸಬೇಕಾದ್ದು, ಯಾವ ಹಂತದಲ್ಲಿ ನಿಂತಿತು ಅಂತ. ಶುರುವಿನಲ್ಲೇ ‘ಬ್ಯುಸಿ’ ಅಂದರೆ ಮೌಂಟ್ ಆಗಿದೆಯಾ, ಬೇರೆ ಯಾರಾದರೂ ಡ್ರೈವ್ ಹಿಡಿದಿದ್ದಾರಾ ನೋಡಿ. ನಡುವೆ ಕೆಟ್ಟರೆ ಡಿಸ್ಕ್ ಕಳಪೆಯಾ, ಲೆನ್ಸ್ ಕೊಳೆಯಾಗಿದೆಯಾ ನೋಡಿ, ಆಮೇಲೆ ಪೋಲಿಂಗ್ ಕಡೆ ಬನ್ನಿ. ಕರ್ನಲ್ ಸೆಟ್ಟಿಂಗ್‌ಗಳು ಕಡತಗಳಾಗಿ ಕಾಣುವ ಸಿಸ್‌ಎಫ್‌ಎಸ್‌ನಲ್ಲಿ (/sys) ಆ ಡ್ರೈವಿನ ಹೆಸರಿನಡಿ ‘ಇವೆಂಟ್ಸ್ ಪೋಲ್ ಎಂಸೆಕ್ಸ್’ (events_poll_msecs) ಎಂಬ ಕಡತ ಇರುತ್ತದೆ. ಅದಕ್ಕೆ 0 ಬರೆದರೆ ಕರ್ನಲ್ ಕೇಳುವುದನ್ನು ನಿಲ್ಲಿಸುತ್ತದೆ. -1 ಬರೆದರೆ ಸಿಸ್ಟಮ್ಮಿನ ಮಾಮೂಲಿ ಅವಧಿಗೆ ಮರಳುತ್ತದೆ, ಸಾಮಾನ್ಯವಾಗಿ 2000 ಮಿಲಿಸೆಕೆಂಡ್. ಬರ್ನ್ ಮುಗಿದ ಮೇಲೆ -1 ಬರೆಯುವುದನ್ನು ಮರೆಯಬೇಡಿ. ಮರೆತರೆ ನೀವು ಹಾಕುವ ಮುಂದಿನ ಡಿಸ್ಕ್ ಸಿಸ್ಟಮ್ಮಿಗೆ ತಾನಾಗಿ ಗೊತ್ತಾಗುವುದಿಲ್ಲ.