ಅಲ್ಯೂಮಿನಾದ ನ್ಯಾನೋ ರಂಧ್ರಕ್ಕೆ ಆಕಾರ ಕೊಡುವುದು ಹೇಗೆ?

ಅಲ್ಯೂಮಿನಿಯಂ ತಗಡನ್ನು ಆಮ್ಲದಲ್ಲಿ ಮುಳುಗಿಸಿ ಕರೆಂಟ್ ಹರಿಸಿ, ಅದರ ಮೇಲೆ ರಂಧ್ರಗಳಿರುವ ಆಕ್ಸೈಡ್ ಪದರ (ಅಲ್ಯೂಮಿನಾ) ಬೆಳೆಸುವುದೇ ಆನೋಡೈಸಿಂಗ್. ಅದನ್ನು ಓದಲು ಶುರು ಮಾಡಿದಾಗ ನಾನು ತಪ್ಪಾಗಿ ತಿಳಿದುಕೊಂಡಿದ್ದೆ. ರಂಧ್ರ ಅಗಲ ಆಗಬೇಕಾ, ವೋಲ್ಟೇಜ್ ಏರಿಸಿದರಾಯ್ತು ಅಂತ. ವೋಲ್ಟೇಜ್ ಮುಖ್ಯವಾಗಿ ನಿರ್ಧರಿಸುವುದು ಒಂದು ರಂಧ್ರದ ನಡುವಿನಿಂದ ಪಕ್ಕದ ರಂಧ್ರದ ನಡುವಿಗೆ ಎಷ್ಟು ದೂರ ಎಂಬುದನ್ನು. ಒಂದು ವೋಲ್ಟ್‌ಗೆ ಸುಮಾರು 2.5 ನ್ಯಾನೋಮೀಟರ್. ಆಕ್ಸಾಲಿಕ್ ಆಮ್ಲದಲ್ಲಿ 40 ವೋಲ್ಟ್ ಕೊಟ್ಟರೆ ದೂರ ಸುಮಾರು 100 ನ್ಯಾನೋಮೀಟರ್. ರಂಧ್ರದ ಅಗಲ ಅದರ ಮೂರನೇ ಒಂದು ಭಾಗದಷ್ಟು ಇರುತ್ತದೆ.

ರಂಧ್ರಗಳು ಜೇನುಗೂಡಿನ ಹಾಗೆ ಸಾಲಾಗಿ ಕೂರಬೇಕಾದರೆ ಎರಡು ಸಲ ಆನೋಡೈಸ್ ಮಾಡಬೇಕು. 1996ರಲ್ಲಿ ಜಪಾನಿನ ಹಿದೆಕಿ ಮಸುದಾ ಮತ್ತು ಸಂಗಡಿಗರು ತೋರಿಸಿದ ಉಪಾಯ ಇದು. ಮೊದಲ ಆಕ್ಸೈಡ್ ಪದರವನ್ನು ಪೂರ್ತಿ ಕರಗಿಸಿ ತೆಗೆಯುತ್ತಾರೆ. ಕೆಳಗಿನ ಲೋಹದ ಮೇಲೆ ಸಣ್ಣ ಗುಳಿಗಳು ಉಳಿಯುತ್ತವೆ. ಎರಡನೇ ಸಲ ರಂಧ್ರಗಳು ಆ ಗುಳಿಗಳಿಂದಲೇ ಹುಟ್ಟುತ್ತವೆ. ಗುಳಿಗಳನ್ನು ಅಚ್ಚೊತ್ತಿ ಚೌಕಚೌಕವಾಗಿ ಜೋಡಿಸಿದರೆ ರಂಧ್ರವೂ ಚೌಕವಾಗುತ್ತದೆ!

ಈಗ ಆಳದ ಆಕಾರಕ್ಕೆ ಬರೋಣ. ನನಗೆ ಇಡೀ ಪಾಠದಲ್ಲಿ ಜಾಸ್ತಿ ಹಿಡಿಸಿದ್ದು ಇದೇ. ರಂಧ್ರ ಬೆಳೆಯುವುದು ತಳದಲ್ಲಿ ಮಾತ್ರ, ಬಾವಿ ತೋಡಿದ ಹಾಗೆ. ಅಂದರೆ ಬಾಯಿ ಹಳೆಯದು, ತಳ ಹೊಸದು. ಇಷ್ಟು ಗೊತ್ತಿದ್ದರೆ ಕೊಳವೆಯಂಥ ರಂಧ್ರವನ್ನು ಆಲಿಕೆ ಮಾಡಬಹುದು. ಸ್ವಲ್ಪ ಹೊತ್ತು ಆನೋಡೈಸ್ ಮಾಡಿ, ಕರೆಂಟ್ ನಿಲ್ಲಿಸಿ. ತಗಡನ್ನು 30 ಡಿಗ್ರಿ ಸೆಲ್ಸಿಯಸ್‌ನ ತೆಳು ಫಾಸ್ಫಾರಿಕ್ ಆಮ್ಲದಲ್ಲಿ ಕೆಲವು ನಿಮಿಷ ಸುಮ್ನೆ ನೆನೆಸಿಡಿ. ಗೋಡೆ ಕರಗಿ ರಂಧ್ರ ಅಗಲವಾಗುತ್ತದೆ. ಮತ್ತೆ ಅದೇ ವೋಲ್ಟೇಜ್ ಕೊಟ್ಟರೆ ಅಗಲದ ಕೆಳಗೆ ಹೊಸದಾಗಿ ಕಿರಿದಾದ ಭಾಗ ಬೆಳೆಯುತ್ತದೆ. ಮತ್ತೆ ನೆನೆಸಿ. ಐದು ಸುತ್ತು ಮಾಡಿದರೆ ಬಾಯಿ ಐದು ಸಲ ಆಮ್ಲ ಕಂಡಿರುತ್ತದೆ, ಕೊನೆಯ ತಳ ಒಂದೇ ಸಲ. ಒಂದೊಂದು ಸುತ್ತು ಉದ್ದವಾದರೆ ಒಳಗೆ ಮೆಟ್ಟಿಲು ಮೂಡುತ್ತದೆ. ಚಿಕ್ಕ ಚಿಕ್ಕ ಸುತ್ತು ಹೆಚ್ಚು ಮಾಡಿದರೆ ಇಳಿಜಾರು ನಯವಾಗುತ್ತದೆ.

ಕವಲು ಬೇಕಾ? ಒಂದು ರಂಧ್ರ ಎರಡಾಗಬೇಕಾದರೆ ಒಂದೊಂದಕ್ಕೂ ಸಿಗುವ ಜಾಗ ಅರ್ಧ ಆಗಬೇಕು, ಅಲ್ವಾ? ಜಾಗ ಅರ್ಧವಾದರೆ ದೂರ ಅರ್ಧ ಆಗುವುದಿಲ್ಲ, 2ರ ವರ್ಗಮೂಲದಷ್ಟು ತಗ್ಗುತ್ತದೆ. ವೋಲ್ಟೇಜೂ ಅಷ್ಟೇ ತಗ್ಗಬೇಕು: 40ನ್ನು 1.41ರಿಂದ ಭಾಗಿಸಿದರೆ ಸುಮಾರು 28 ವೋಲ್ಟ್. ನಾನು ಮೊದಲ ಸಲ ಲೆಕ್ಕ ಹಾಕಿದಾಗ 20 ಅಂತ ಬರೆದಿದ್ದೆ.

ವೋಲ್ಟೇಜ್ ಇಳಿಸಿದ ಕೂಡಲೇ ಕರೆಂಟ್ ಹೆಚ್ಚುಕಡಿಮೆ ಸೊನ್ನೆಗೆ ಬೀಳುತ್ತದೆ. ಸೆಟಪ್ ಕೆಟ್ಟಿತು ಅಂತ ಬಿಚ್ಚಲು ಹೋಗಬೇಡಿ. ತಳದಲ್ಲಿ 40 ವೋಲ್ಟ್‌ಗೆ ತಕ್ಕ ದಪ್ಪದ ಆಕ್ಸೈಡ್ ಇನ್ನೂ ಇದೆ. ಆಮ್ಲ ಅದನ್ನು ತೆಳು ಮಾಡುವ ತನಕ ಕಾಯಬೇಕು. ಮೀಟರ್ ಮುಳ್ಳು ಮತ್ತೆ ಮೇಲೇಳಲು ಶುರುವಾದರೆ, ಒಳಗೆ ಕವಲು ಒಡೆಯುತ್ತಿದೆ ಎಂದರ್ಥ.