ಮೆಣಸಿನ ಗಿಡಕ್ಕೆ ದೃಷ್ಟಿಯಲ್ಲ, ಸಾರಜನಕದ ಕೊರತೆ

ಅಂಕೋಲಾ, ಕುಮಟಾ ಕಡೆ ಭತ್ತದ ಕೊಯ್ಲು ಮುಗಿದ ಗದ್ದೆಯಲ್ಲಿ ಮೆಣಸಿನ ಸಸಿ ನೆಡುತ್ತಾರೆ. ಸಾವಯವ ಒಳ್ಳೆಯದು ಅಂತ ಕೆಲವರು ದರಕು (ಉದುರಿದ ಒಣ ಎಲೆ), ಮರದ ಪುಡಿ ಎಲ್ಲವನ್ನೂ ಮಣ್ಣಲ್ಲಿ ಬೆರೆಸಿಬಿಡುತ್ತಾರೆ. ಸ್ವಲ್ಪ ದಿನಕ್ಕೆ ಗಿಡ ಹಳದಿ. ದೃಷ್ಟಿ ತಾಗಿದೆ ಅಂತ ಗದ್ದೆಯಲ್ಲಿ ಬೆರ್ಚಪ್ಪ ನಿಲ್ಲುತ್ತಾನೆ. ಇದು ನಿಲ್ಲಬೇಕು. ಕಾರಣ ಕಾಲಡಿಯಲ್ಲೇ ಇದೆ.

ದರಕನ್ನು ಕೊಳೆಸುವ ಸೂಕ್ಷ್ಮಜೀವಿಗಳಿಗೆ ಸುಮಾರು 24 ಪಾಲು ಇಂಗಾಲಕ್ಕೆ 1 ಪಾಲು ಸಾರಜನಕ ಬೇಕು. ಸುಮಾರು 16 ಪಾಲು ಇಂಗಾಲ ಉಸಿರಾಗಿ ಹೋಗುತ್ತದೆ, 8 ಮೈಗೆ ಸೇರುತ್ತದೆ. ಒಣ ಎಲೆಯಲ್ಲಿ ಈ ಅನುಪಾತ 50ರ ಆಚೀಚೆ. ಮರದ ಪುಡಿಯಲ್ಲಿ ನೂರಾರು. ಅನ್ನ ರಾಶಿ ಇದೆ, ಸಾರು ಒಂದೇ ಸೌಟು! ಕಡಿಮೆ ಬಿದ್ದದ್ದನ್ನು ಅವು ಮಣ್ಣಿನಿಂದ ಎತ್ತಿಕೊಳ್ಳುತ್ತವೆ. ಬೇರಿಗಿಂತ ಅವೇ ಚುರುಕು. ಅವು ಸತ್ತು ಕೊಳೆತ ಮೇಲೆ ಸಾರಜನಕ ಗಿಡಕ್ಕೆ ವಾಪಸ್ ಸಿಗುತ್ತದೆ, ಆದರೆ ಸಸಿಗೆ ಬೇಕಾದದ್ದು ಈಗ ಅಲ್ವಾ?

ಶಿರಸಿಯ ಹಳೆಯ ಕೊಟ್ಟಿಗೆ ನೋಡಿ. ಬೆಟ್ಟದ ಸೊಪ್ಪು ತಂದು ದನದ ಕಾಲಡಿ ಹಾಸುತ್ತಾರೆ. ಸೊಪ್ಪಿನಲ್ಲಿ ಇಂಗಾಲ, ಗಂಜಲದಲ್ಲಿ ಸಾರಜನಕ. ಎರಡೂ ಗೊಬ್ಬರಗುಂಡಿಯಲ್ಲಿ ತಿಂಗಳುಗಟ್ಟಲೆ ಕಳಿಯುತ್ತವೆ. ಗದ್ದೆಗೆ ಬರುವ ಹೊತ್ತಿಗೆ ಸಾರಜನಕದ ಜಗಳ ಗುಂಡಿಯಲ್ಲೇ ಮುಗಿದಿರುತ್ತದೆ. ಪೋರ್ಚುಗೀಸರ ಹಡಗಿನಲ್ಲಿ 16ನೇ ಶತಮಾನದಲ್ಲಿ ಅಮೆರಿಕದ ಈ ಮೆಣಸಿನ ಗಿಡ ನಮ್ಮ ದೇಶಕ್ಕೆ ಬಂತು. ಬಂದವನೇ ನಮ್ಮ ಕೊಟ್ಟಿಗೆ ಗೊಬ್ಬರಕ್ಕೆ ಒಗ್ಗಿಕೊಂಡ.

ನಮ್ಮ ಜಂಬಿಟ್ಟಿಗೆ ಮಣ್ಣು ಹುಳಿ. ಅದರ ಕಬ್ಬಿಣ, ಅಲ್ಯೂಮಿನಿಯಂ ಸೇರಿ ಗಿಡಕ್ಕೆ ಬೇಕಾದ ರಂಜಕವನ್ನು (ಫಾಸ್ಫರಸ್) ಹಿಡಿದಿಟ್ಟುಕೊಳ್ಳುತ್ತವೆ. ಕಳಿತ ಗೊಬ್ಬರದ ಆಮ್ಲಗಳು ಆ ಹಿಡಿತವನ್ನು ಸಡಿಲಿಸುತ್ತವೆ. ಅದಕ್ಕೇ ಗೊಬ್ಬರ ಇಲ್ಲಿ ಇನ್ನೂ ಜಾಸ್ತಿ ಮುಖ್ಯ.

ಹಳದಿಯನ್ನು ಗುರುತಿಸುವುದು ಸುಲಭ. ಸಾರಜನಕ ಕಡಿಮೆಯಾದರೆ ಕೆಳಗಿನ ಹಳೆ ಎಲೆ ಮೊದಲು ಹಳದಿಯಾಗುತ್ತದೆ, ಯಾಕೆಂದರೆ ಗಿಡ ಅಲ್ಲಿಂದ ಸಾರಜನಕ ಕಿತ್ತು ಚಿಗುರಿಗೆ ಕಳಿಸುತ್ತದೆ. ಚಿಗುರು ಮೇಲಕ್ಕೆ ಮುರುಟಿದರೆ ಥ್ರಿಪ್ಸ್ ಎಂಬ ಸಣ್ಣ ಕೀಟ, ಕೆಳಕ್ಕೆ ಮುರುಟಿದರೆ ನುಸಿ. ಅದಕ್ಕೆ ಗೊಬ್ಬರ ಸುರಿದು ಪ್ರಯೋಜನವಿಲ್ಲ.

ದರಕು ಬೇಡ ಅಂತಲ್ಲ. ಬೆರೆಸಬೇಡಿ, ಮೇಲೆ ಮುಚ್ಚಿಗೆ ಹಾಕಿ. ಮಣ್ಣಿಗೆ ತಾಗುವ ಅಡಿಯಷ್ಟೇ ಕೊಳೆಯುವುದರಿಂದ ಸಾರಜನಕದ ಕಸಿತ ಅಲ್ಪ, ಬಿಸಿಲಿಗೆ ತೇವವೂ ಉಳಿಯುತ್ತದೆ. ಈಗಾಗಲೇ ಬೆರೆಸಿಬಿಟ್ಟಿದ್ದರೆ ಒಂದಕ್ಕೆ ಹತ್ತು ನೀರು ಸೇರಿಸಿದ ಗಂಜಲವನ್ನೋ, ನೆನೆಸಿದ ಶೇಂಗಾ ಹಿಂಡಿಯ ನೀರನ್ನೋ ಬುಡಕ್ಕೆ ಕೊಡಿ.