ಐದನೆಯ ದಿನ ಬಾಟಲಿ ತೆಗೆಯುವವರು

ಬಿಒಡಿ ಪರೀಕ್ಷೆಗೆ ಐದು ದಿನ ಬೇಕು. ನೀರಿನಲ್ಲಿರುವ ಸಾವಯವ ಕೊಳೆಯನ್ನು ಸೂಕ್ಷ್ಮಜೀವಿಗಳು ತಿಂದು ಅರಗಿಸಿಕೊಳ್ಳುವಾಗ ಎಷ್ಟು ಆಮ್ಲಜನಕ ಖರ್ಚಾಗುತ್ತದೆ ಎಂದು ಅಳೆಯುವ ಪರೀಕ್ಷೆ ಇದು. 300 ಮಿಲಿಲೀಟರ್‌ನ ಗಾಜಿನ ಬಾಟಲಿಯನ್ನು ಒಂದು ಗಾಳಿಗುಳ್ಳೆಯೂ ಉಳಿಯದಂತೆ ತುಂಬಿ, ಬಿರಡೆ ಹಾಕಿ, 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕತ್ತಲೆಯಲ್ಲಿ ಇಡಬೇಕು. ಸೋಮವಾರ ಇಟ್ಟರೆ ಶನಿವಾರ ತೆಗೆಯಬೇಕು, ಮಂಗಳವಾರ ಇಟ್ಟರೆ ಭಾನುವಾರ. ಆದ್ದರಿಂದಲೇ ವಾರದ ಕೊನೆಗೆ ಬೀಗ ಬೀಳುವ ಪ್ರಯೋಗಾಲಯಗಳು ಬುಧವಾರ, ಗುರುವಾರ, ಶುಕ್ರವಾರ ಮಾತ್ರ ಬಾಟಲಿ ಇಡುತ್ತವೆ. ಕೊಳಚೆ ನೀರಿಗೆ ಅಂಥ ರಜೆ ಇಲ್ಲ, ಅದು ಏಳು ದಿನವೂ ಹರಿಯುತ್ತದೆ.

ಯಾವುದೇ ವಿಶ್ವವಿದ್ಯಾಲಯದ ಪರಿಸರ ಎಂಜಿನಿಯರಿಂಗ್ ವಿಭಾಗಕ್ಕೆ ಹೋದರೂ ನಾನು ಕೇಳುವ ಮೊದಲ ಪ್ರಶ್ನೆ ಒಂದೇ: ಇಲ್ಲಿ ಶನಿವಾರ ಬಾಟಲಿ ತೆಗೆಯುವವರು ಯಾರು? ಕೆಲವು ಕಡೆ ತಕ್ಷಣ ಒಂದು ಹೆಸರು ಹೇಳುತ್ತಾರೆ. ಕೆಲವು ಕಡೆ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ತ್ಯಾಜ್ಯನೀರು ಶುದ್ಧೀಕರಣ ಘಟಕಗಳ ವಿನ್ಯಾಸ ಮತ್ತು ನಿರ್ವಹಣೆ ನನ್ನ ಕಸುಬು. ಹೊಸ ಪದವೀಧರರನ್ನು ಕೆಲಸಕ್ಕೆ ತೆಗೆದುಕೊಳ್ಳುವುದೂ ಅದರ ಭಾಗ. ಹೆಸರು ಹೇಳಿದ ವಿಭಾಗದಿಂದ ಬಂದವರ ಕೈಯಲ್ಲಿರುವ ಅಂಕಿಯನ್ನು ನಂಬಿ ಮುಂದಿನ ನಿರ್ಧಾರ ಮಾಡಬಹುದು ಎಂಬುದು ಇಷ್ಟು ವರ್ಷಗಳಲ್ಲಿ ನಾನು ಕಂಡುಕೊಂಡದ್ದು.

ಈ ಪ್ರಶ್ನೆ ನನಗೆ ಹುಟ್ಟಿದ್ದು ಒಬ್ಬ ಪ್ರಯೋಗಾಲಯ ಸಹಾಯಕರಿಂದ. ಆಗಷ್ಟೇ ಕೆಲಸಕ್ಕೆ ಸೇರಿದ್ದೆ. ನಮ್ಮ ಘಟಕದಿಂದ ಹೊರಬೀಳುವ ನೀರನ್ನು ವಿಶ್ವವಿದ್ಯಾಲಯದ ಪ್ರಯೋಗಾಲಯಕ್ಕೆ ಒಯ್ದು, ಅವರ ಅನುಮತಿ ಪಡೆದು ನಾನೇ ಪರೀಕ್ಷೆ ಮಾಡಿದೆ. ಐದನೆಯ ದಿನ ಬಂದ ಫಲಿತಾಂಶ ಹೆಚ್ಚುಕಡಿಮೆ ಸೊನ್ನೆ. ನನ್ನ ಸಂತೋಷಕ್ಕೆ ಪಾರವಿರಲಿಲ್ಲ. ವರದಿಗೆ ಸಹಿ ಹಾಕಿಸಿಕೊಳ್ಳಲು ಹೋದಾಗ ಆ ಹಿರಿಯರು ಕಾಗದವನ್ನು ನೋಡಲೇ ಇಲ್ಲ. ಉಳಿದಿದ್ದ ನೀರಿನ ಕ್ಯಾನಿನ ಮುಚ್ಚಳ ತೆಗೆದು ಮೂಸಿ ನೋಡಿದರು. 'ಕ್ಲೋರಿನ್ ಹಾಕಿದ ಮೇಲೆ ತೆಗೆದ ನೀರೇ?' ಎಂದು ಕೇಳಿದರು. ಹೌದೆಂದೆ. 'ಕ್ಲೋರಿನ್ ಇಳಿಸಿ, ಆಮೇಲೆ ಬೀಜ ಹಾಕಿದಿರಾ?'

ಹಾಕಿರಲಿಲ್ಲ. ಕ್ಲೋರಿನ್ ಉಳಿದಿರುವ ನೀರಿನಲ್ಲಿ ಸೂಕ್ಷ್ಮಜೀವಿಗಳು ಸತ್ತಿರುತ್ತವೆ. ತಿನ್ನುವವರೇ ಇಲ್ಲದ ಮೇಲೆ ಆಮ್ಲಜನಕ ಖರ್ಚಾಗುವುದು ಹೇಗೆ? ಸೋಡಿಯಂ ಸಲ್ಫೈಟ್ ಹಾಕಿ ಕ್ಲೋರಿನ್ ತೆಗೆಯಬೇಕು. ನಂತರ ಹಾಲಿಗೆ ಹೆಪ್ಪು ಹಾಕುವಂತೆ, ಜೀವವಿರುವ ಸ್ವಲ್ಪ ಕೊಳಚೆ ನೀರನ್ನು ಬೀಜವಾಗಿ ಸೇರಿಸಬೇಕು. ಆ ಬೀಜಕ್ಕೆ ಶಕ್ತಿ ಇದೆಯೇ ಎಂದು ತಿಳಿಯಲು ಗ್ಲೂಕೋಸ್ ಮತ್ತು ಗ್ಲುಟಾಮಿಕ್ ಆಮ್ಲದ ದ್ರಾವಣವನ್ನು ಪಕ್ಕದಲ್ಲೇ ಪರೀಕ್ಷಿಸಬೇಕು. ಅದರ ಬಿಒಡಿ ಲೀಟರ್‌ಗೆ 198 ಮಿಲಿಗ್ರಾಂನ ಆಸುಪಾಸು, ಅಂದರೆ 30.5 ಹೆಚ್ಚು ಅಥವಾ ಕಡಿಮೆಯ ಒಳಗೆ ಬಂದರೆ ಮಾತ್ರ ಉಳಿದ ಬಾಟಲಿಗಳ ಲೆಕ್ಕಕ್ಕೆ ಬೆಲೆ. ಇದೆಲ್ಲ ನನ್ನ ಪಠ್ಯದಲ್ಲಿತ್ತು. ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ಪಡೆದಿದ್ದೆ. ಆದರೂ ಸತ್ತ ನೀರನ್ನು ಶುದ್ಧ ನೀರೆಂದು ದಾಖಲೆಗೆ ಸೇರಿಸಲು ಹೊರಟಿದ್ದೆ. ಆ ವರದಿಯ ಮೇಲೆ ಸಹಿ ಬೀಳಲಿಲ್ಲ. ನನ್ನ ಕೈಗೆ ಖಾಲಿ ಬಾಟಲಿ ಕೊಟ್ಟು, 'ಗುರುವಾರ ಬನ್ನಿ, ಮಂಗಳವಾರ ತೆಗೆಯೋಣ' ಎಂದರು.

ಗುರುವಾರ ಅವರು ಹಿಂದೆ ನಿಂತು ನನ್ನ ಕೈ ನೋಡುತ್ತಿದ್ದರು. ಈಗ ನೀರಿನಲ್ಲಿ ಅದ್ದಿದರೆ ಆಮ್ಲಜನಕದ ಅಂಕಿ ತೋರಿಸುವ ಉಪಕರಣಗಳಿವೆ. ಅವರು ಮಾತ್ರ ವಿಂಕ್ಲರ್ ವಿಧಾನವನ್ನೇ ಮೊದಲು ಕಲಿಸುತ್ತಿದ್ದರು. ಹಂಗೇರಿಯ ಲಾಯೋಶ್ ವಿಂಕ್ಲರ್ 1888ರಲ್ಲಿ ಪ್ರಕಟಿಸಿದ ವಿಧಾನ ಅದು. ಬಾಟಲಿಗೆ ಮ್ಯಾಂಗನೀಸ್ ಸಲ್ಫೇಟ್, ಅದರ ಹಿಂದೆ ಕ್ಷಾರ ಬೆರೆತ ಅಯೊಡೈಡ್ ಹಾಕಿ ತಲೆಕೆಳಗು ಮಾಡಿ ಅಲುಗಾಡಿಸಿದರೆ, ನೀರಿನಲ್ಲಿ ಆಮ್ಲಜನಕವಿದ್ದರೆ ಕಂದು ಗಸಿ ಮೋಡದಂತೆ ಇಳಿಯುತ್ತದೆ. ಆಮ್ಲಜನಕವಿಲ್ಲದಿದ್ದರೆ ಗಸಿ ಬೆಳ್ಳಗೆ ಉಳಿಯುತ್ತದೆ. ಆಮ್ಲ ಹಾಕಿದಾಗ ಕಂದು ಗಸಿ ಕರಗಿ ಹೊನ್ನಿನ ಬಣ್ಣ ಬರುತ್ತದೆ. ಬ್ಯೂರೆಟ್‌ನಿಂದ ಥಯೋಸಲ್ಫೇಟ್ ತೊಟ್ಟಿಕ್ಕುತ್ತಾ ಹೋದಂತೆ ಅದು ಒಣಹುಲ್ಲಿನ ಬಣ್ಣಕ್ಕೆ ತಿಳಿಯಾಗುತ್ತದೆ. ಆಗ ಪಿಷ್ಟದ ದ್ರಾವಣ ಹಾಕಿದರೆ ಕಡುನೀಲಿ. ಇನ್ನೊಂದೆರಡು ಹನಿ, ನೀಲಿ ಮಾಯ. ಆ ಕೊನೆಯ ಹನಿಗೆ ನನ್ನ ಹೆಬ್ಬೆರಳು ಅವಸರಪಟ್ಟಾಗಲೆಲ್ಲ ಅವರು ಒಂದೇ ಒಂದು ಮಾತು ಹೇಳುತ್ತಿದ್ದರು: 'ಕಾಯಿರಿ.' ನೀರಿನೊಳಗಿನ ಆಮ್ಲಜನಕವನ್ನು ಕಣ್ಣಾರೆ ಕಂಡವರು ಉಪಕರಣ ತೋರಿಸುವ ತಪ್ಪು ಅಂಕಿಗೆ ಸುಲಭವಾಗಿ ಮೋಸಹೋಗುವುದಿಲ್ಲ ಎಂದು ಅವರು ನಂಬಿದ್ದರು. ನಾನೂ ಹಾಗೆಯೇ ನಂಬುತ್ತೇನೆ.

ವಿಭಾಗದ ಪರಿಚಯ ಪುಸ್ತಿಕೆಯಲ್ಲಿ ಪ್ರಾಧ್ಯಾಪಕರ ಭಾವಚಿತ್ರಗಳಿರುತ್ತವೆ, ಅವರ ಸಂಶೋಧನಾ ಕ್ಷೇತ್ರಗಳಿರುತ್ತವೆ. ಇಂಥ ಸಹಾಯಕರ ಹೆಸರು ಅದರಲ್ಲಿ ಸಿಗುವುದು ಅಪರೂಪ. ನನಗೆ ಇದು ಬೇಸರದ ಸಂಗತಿ.

ಪ್ರಾಧ್ಯಾಪಕರ ಬಗ್ಗೆಯೂ ಹೇಳಬೇಕಾದದ್ದಿದೆ. ಎಂಜಿನಿಯರಿಂಗ್‌ನ ಬೇರೆ ಶಾಖೆಗಳಲ್ಲಿ ಅಧ್ಯಾಪಕರ ಓದಿನ ಹಿನ್ನೆಲೆ ಬಹುಮಟ್ಟಿಗೆ ಒಂದೇ. ಇಲ್ಲಿ ಹಾಗಿಲ್ಲ. ಒಬ್ಬರು ಸಿವಿಲ್ ಓದಿ ಕೊಳವೆ, ಕಾಲುವೆಗಳ ಲೆಕ್ಕದಿಂದ ಬಂದವರು. ಇನ್ನೊಬ್ಬರು ರಸಾಯನಶಾಸ್ತ್ರದವರು, ಮತ್ತೊಬ್ಬರು ಸೂಕ್ಷ್ಮಜೀವಿಶಾಸ್ತ್ರದವರು, ಮಗದೊಬ್ಬರು ವಾಯುಮಂಡಲ ವಿಜ್ಞಾನದವರು. ಒಂದೇ ಮೇಜಿನ ಸುತ್ತ ಕುಳಿತರೂ ಅವರ ಮಾತು ಒಂದೇ ಅಲ್ಲ. ನಮ್ಮ ಭಾಷೆಯಲ್ಲಂತೂ 'ಮಾದರಿ' ಎಂಬ ಒಂದೇ ಪದ ಸಾಕು, ಗೊಂದಲಕ್ಕೆ. ರಸಾಯನಶಾಸ್ತ್ರದವರಿಗೆ ಮಾದರಿ ಎಂದರೆ ಬಾಟಲಿಯಲ್ಲಿ ಹಿಡಿದು ತಂದ ನೀರು. ಗಣಿತ ಮಾಡುವವರಿಗೆ ಮಾದರಿ ಎಂದರೆ ನದಿಯನ್ನು ಸಮೀಕರಣಗಳಲ್ಲಿ ಹಿಡಿದಿಟ್ಟದ್ದು. ಬಾಟಲಿಯ ಮಾದರಿ ಒಂದು ಹೇಳುತ್ತದೆ, ಸಮೀಕರಣದ ಮಾದರಿ ಇನ್ನೊಂದು ಹೇಳುತ್ತದೆ. ಇಬ್ಬರೂ ಕೂತು ಆ ಎರಡರ ನಡುವಿನ ವ್ಯತ್ಯಾಸ ಎಲ್ಲಿಂದ ಬಂತೆಂದು ಜಗಳವಾಡುವ ವಿಭಾಗದಲ್ಲಿ ವಿದ್ಯಾರ್ಥಿಗಳು ನಿಜವಾದ ಎಂಜಿನಿಯರಿಂಗ್ ಕಲಿಯುತ್ತಾರೆ. ಅವರವರ ಕೋಣೆಯ ಬಾಗಿಲು ಹಾಕಿಕೊಂಡಿರುವ ವಿಭಾಗದಲ್ಲಿ ವಿದ್ಯಾರ್ಥಿ ಹೊರಗೆ ತೆಗೆದುಕೊಂಡು ಹೋಗುವುದು ನಾಲ್ಕು ಬೇರೆ ಬೇರೆ ಪುಸ್ತಕಗಳನ್ನು ಮಾತ್ರ.

ಈ ಬೆರಕೆ ಇಂದು ನಿನ್ನೆಯದಲ್ಲ. ಎಲೆನ್ ಸ್ವಾಲೋ ರಿಚರ್ಡ್ಸ್ ರಸಾಯನಶಾಸ್ತ್ರದವರು. ಅಮೆರಿಕದ ಎಂಐಟಿಯಿಂದ 1873ರಲ್ಲಿ ಪದವಿ ಪಡೆದ ಅವರು ಆ ಸಂಸ್ಥೆಗೆ ಪ್ರವೇಶ ಪಡೆದ ಮೊದಲ ಮಹಿಳೆ. ಹೆಣ್ಣುಮಕ್ಕಳಿಗಾಗಿ 1876ರಲ್ಲಿ ಅಲ್ಲಿ ತೆರೆದ ಪ್ರಯೋಗಾಲಯದಲ್ಲಿ ಸಂಬಳವಿಲ್ಲದೆ ಕಲಿಸಿದರು. 1884ರಿಂದ, 1911ರಲ್ಲಿ ತೀರಿಕೊಳ್ಳುವವರೆಗೆ, ನೈರ್ಮಲ್ಯ ರಸಾಯನಶಾಸ್ತ್ರದ ಬೋಧಕಿಯಾಗಿದ್ದರು. ಮ್ಯಾಸಚೂಸೆಟ್ಸ್ ರಾಜ್ಯದ ಜಲಮೂಲಗಳ ಸಾವಿರಾರು ಬಾಟಲಿ ನೀರು 1887ರಿಂದ ಅವರ ಪ್ರಯೋಗಾಲಯದ ಮೂಲಕ ಹಾದುಹೋಯಿತು. ಊರುಗಳ ಕೊಳಕು ಸೇರದ ನೀರಿನಲ್ಲಿ ಸಹಜವಾಗಿ ಎಷ್ಟು ಕ್ಲೋರೈಡ್, ಅಂದರೆ ಉಪ್ಪಿನ ಅಂಶ, ಇರುತ್ತದೆ ಎಂಬುದರ ನಕ್ಷೆ ಅಲ್ಲಿಂದ ಹೊರಬಂತು. ಸಮುದ್ರದಿಂದ ದೂರ ಹೋದಂತೆ ಕ್ಲೋರೈಡ್ ಇಳಿಯುತ್ತದೆ. ಇಳಿಯಬೇಕಾದಲ್ಲಿ ಇಳಿಯದೆ ಏರಿದ್ದರೆ ಮನುಷ್ಯರ ಮಲಿನ ನೀರು ಸೇರಿದೆ ಎಂದು ಅನುಮಾನಿಸಬೇಕು. ಒಂದೊಂದೇ ಬಾಟಲಿಯನ್ನು ಒಂದೇ ನಿಷ್ಠೆಯಿಂದ ಪರೀಕ್ಷಿಸಿದವರಿಗೆ ಮಾತ್ರ ಅಂಥ ನಕ್ಷೆ ಸಿಗುತ್ತದೆ.

ಕ್ಲೋರಿನ್ ವಿಷಯದಲ್ಲೂ ಅದೇ ಬೆರಕೆ. ಕುಡಿಯುವ ನೀರಿಗೆ ಎಷ್ಟು ಕ್ಲೋರಿನ್ ಹಾಕಬೇಕೆಂದು ನೀರಿನ ಗುಣ ನೋಡಿ ನಿರ್ಧರಿಸುವ ಕ್ರಮವನ್ನು 1919ರಲ್ಲಿ ರೂಪಿಸಿದವರು ಎಂಜಿನಿಯರ್ ಅಬೆಲ್ ವೋಲ್ಮನ್ ಮತ್ತು ರಸಾಯನಶಾಸ್ತ್ರಜ್ಞ ಲಿನ್ ಎನ್ಸ್‌ಲೋ. ವೋಲ್ಮನ್ ಮುಂದೆ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ತಲೆಮಾರುಗಳಿಗೆ ಕಲಿಸಿದರು.

ಘಟಕ ನಡೆಸುವವರು ಕೂಡ ವಿಭಾಗದ ಜನವೇ ಎಂದು ನಾನು ವಾದಿಸುತ್ತೇನೆ. ನಾವು ಇಂದು ಜಗತ್ತಿನಾದ್ಯಂತ ಬಳಸುವ ಸಕ್ರಿಯ ಕೆಸರಿನ ವಿಧಾನ 1914ರಲ್ಲಿ ಬಂದದ್ದು ಮ್ಯಾಂಚೆಸ್ಟರ್ ನಗರದ ಕೊಳಚೆ ಘಟಕದ ಪ್ರಯೋಗಾಲಯದಿಂದ. ಎಡ್ವರ್ಡ್ ಆರ್ಡನ್ ಮತ್ತು ವಿಲಿಯಂ ಲಾಕೆಟ್ ಬಾಟಲಿಯಲ್ಲಿ ಕೊಳಚೆ ನೀರಿಗೆ ಗಾಳಿ ಊದುತ್ತಿದ್ದರು. ಮೊದಲ ಬಾರಿ ನೀರು ಪೂರ್ತಿ ಶುದ್ಧವಾಗಲು ವಾರಗಟ್ಟಲೆ ಹಿಡಿಯಿತು. ತಳದಲ್ಲಿ ಕುಳಿತ ಕೆಸರನ್ನು ಚೆಲ್ಲದೆ ಉಳಿಸಿಕೊಂಡು, ಅದರ ಮೇಲೇ ಹೊಸ ಕೊಳಚೆ ನೀರು ಸುರಿದು ಮತ್ತೆ ಗಾಳಿ ಊದಿದರು. ಹೀಗೆ ಮಾಡುತ್ತಾ ಹೋದಂತೆ ವಾರಗಳ ಕೆಲಸ ಗಂಟೆಗಳಿಗೆ ಇಳಿಯಿತು. ಅವರಿಗೆ ದಾರಿ ತೋರಿಸಿದ ಗಿಲ್ಬರ್ಟ್ ಫೌಲರ್ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ನಂಟಿದ್ದವರು. ಅಮೆರಿಕದ ಲಾರೆನ್ಸ್ ಪ್ರಯೋಗ ಕೇಂದ್ರದಲ್ಲಿ 1912ರಲ್ಲಿ ನೋಡಿದ ಪ್ರಯೋಗವೊಂದನ್ನು ತಲೆಯಲ್ಲಿ ಹೊತ್ತು ಬಂದಿದ್ದರು. ವಿಶ್ವವಿದ್ಯಾಲಯ ಮತ್ತು ಘಟಕದ ನಡುವೆ ಓಡಾಡುವ ಇಂಥ ಒಬ್ಬರು ಇಲ್ಲದಿದ್ದರೆ ಎರಡೂ ಕಡೆ ಗೊತ್ತಿದ್ದದ್ದು ಅಲ್ಲಲ್ಲೇ ಉಳಿಯುತ್ತಿತ್ತು.

ಈಗಲೂ ವಿದ್ಯಾರ್ಥಿಗಳು ನಮ್ಮ ಘಟಕಕ್ಕೆ ಬಂದಾಗ ನಾನು ಅವರನ್ನು ನಿಯಂತ್ರಣ ಕೊಠಡಿಗೆ ಒಯ್ಯುವುದಿಲ್ಲ. ಗಾಳಿ ತೊಟ್ಟಿಯ ಅಂಚಿನಲ್ಲಿ ಪಾಳಿಯ ಆಪರೇಟರ್ ಜೊತೆ ನಿಲ್ಲಿಸುತ್ತೇನೆ. ಅವರು ಒಂದು ಲೀಟರ್‌ನ ಅಳತೆ ಜಾಡಿಯಲ್ಲಿ ತೊಟ್ಟಿಯ ನೀರು ತುಂಬಿ ಮೂವತ್ತು ನಿಮಿಷ ಅಲುಗಾಡದಂತೆ ಇಡುತ್ತಾರೆ. ಕೆಸರು ಒಟ್ಟಾಗಿ ಇಳಿದು ಮೇಲೆ ತಿಳಿನೀರು ನಿಂತರೆ ನೆಮ್ಮದಿ. ಹತ್ತಿಯಂತೆ ಉಬ್ಬಿ ಮೇಲೇ ನಿಂತರೆ ಎಳೆಯಾಕಾರದ ಸೂಕ್ಷ್ಮಜೀವಿಗಳು ಹೆಚ್ಚಿವೆ. ತೊಟ್ಟಿ ಹಸಿಮಣ್ಣಿನ ವಾಸನೆ ಬೀರುತ್ತಿದ್ದರೆ ಸರಿ, ಕೊಳೆತ ಮೊಟ್ಟೆಯ ವಾಸನೆ ಬಂದರೆ ಎಲ್ಲೋ ಗಾಳಿ ಸಾಲುತ್ತಿಲ್ಲ. ಗಟ್ಟಿ ಕಂದು ನೊರೆ ಕಂಡರೆ ಕೆಸರಿಗೆ ವಯಸ್ಸಾಗಿರುವ ಸಾಧ್ಯತೆ ಹೆಚ್ಚು. ಪ್ರಯೋಗಾಲಯದ ವರದಿ ಐದು ದಿನದ ಮೇಲೆ ಹೇಳುವುದನ್ನು ಆಪರೇಟರ್ ಅರ್ಧ ಗಂಟೆಯಲ್ಲಿ ಊಹಿಸುತ್ತಾರೆ. ಆ ಊಹೆ ಸರಿಯೋ ತಪ್ಪೋ ಎಂದು ಪರೀಕ್ಷಿಸುವ ಕೆಲಸವನ್ನು ವಿದ್ಯಾರ್ಥಿಗೆ ಕೊಟ್ಟರೆ ಇಬ್ಬರೂ ಕಲಿಯುತ್ತಾರೆ.

ವಿದ್ಯಾರ್ಥಿಗಳನ್ನು ಮರೆತರೆ ಈ ಬರಹ ಅರ್ಧವಾಗುತ್ತದೆ. ಅಮೆರಿಕದ ಫ್ಲಿಂಟ್ ನಗರ 2014ರ ಏಪ್ರಿಲ್‌ನಲ್ಲಿ ತನ್ನ ನೀರಿನ ಮೂಲವನ್ನು ಡೆಟ್ರಾಯಿಟ್ ವ್ಯವಸ್ಥೆಯಿಂದ ಫ್ಲಿಂಟ್ ನದಿಗೆ ಬದಲಿಸಿತು. ಕೊಳವೆ ಸವೆಯದಂತೆ ತಡೆಯುವ ರಾಸಾಯನಿಕವನ್ನು ಬೆರೆಸಲಿಲ್ಲ. ಹಳೆಯ ಕೊಳವೆಗಳ ಸೀಸ ಮನೆಗಳ ನಲ್ಲಿಗೆ ಇಳಿಯಿತು. ಲೀಆನ್ ವಾಲ್ಟರ್ಸ್ ಎಂಬ ನಿವಾಸಿ ವರ್ಜೀನಿಯಾ ಟೆಕ್‌ನ ಪ್ರಾಧ್ಯಾಪಕ ಮಾರ್ಕ್ ಎಡ್ವರ್ಡ್ಸ್ ಅವರನ್ನು ಸಂಪರ್ಕಿಸಿದರು. 2015ರ ಆಗಸ್ಟ್‌ನಲ್ಲಿ ಆ ತಂಡ 300 ಮಾದರಿ ಪೆಟ್ಟಿಗೆಗಳನ್ನು ಕಟ್ಟಿ ಕಳುಹಿಸಿತು. ಪ್ರತಿ ಪೆಟ್ಟಿಗೆಯಲ್ಲಿ ಮೂರು ಬಾಟಲಿ: ನಲ್ಲಿಯನ್ನು ಗಂಟೆಗಟ್ಟಲೆ ಮುಟ್ಟದೆ ಬಿಟ್ಟು ಹಿಡಿದ ಮೊದಲ ನೀರಿಗೆ ಒಂದು, 45 ಸೆಕೆಂಡು ಹರಿಸಿದ ಮೇಲಿನದಕ್ಕೆ ಒಂದು, ಎರಡು ನಿಮಿಷದ ನಂತರದ್ದಕ್ಕೆ ಒಂದು. ಮನೆಯ ನಲ್ಲಿಯಿಂದ ಸೀಸ ಬರುತ್ತಿದೆಯೋ, ಹೊರಗಿನ ಕೊಳವೆಯಿಂದಲೋ ಎಂದು ಈ ಮೂರು ಬಾಟಲಿ ಬೇರ್ಪಡಿಸಿ ತೋರಿಸುತ್ತವೆ. 250ಕ್ಕೂ ಹೆಚ್ಚು ಪೆಟ್ಟಿಗೆಗಳು ತುಂಬಿ ಹಿಂದಿರುಗಿದವು. ಅಕ್ಟೋಬರ್‌ನಲ್ಲಿ ನಗರ ಡೆಟ್ರಾಯಿಟ್ ನೀರಿಗೆ ಮರಳಿತು. ಬಾಟಲಿಗೆ ಚೀಟಿ ಅಂಟಿಸಿದವರು, ಪೆಟ್ಟಿಗೆ ಕಟ್ಟಿದವರು, ರಾತ್ರಿ ಕೂತು ಪರೀಕ್ಷೆ ಮಾಡಿದವರು ಬಹುಪಾಲು ವಿದ್ಯಾರ್ಥಿಗಳು. ಮುಂಜಾನೆ ನಲ್ಲಿಯ ಮುಂದೆ ಗಡಿಯಾರ ಹಿಡಿದು ನಿಂತವರು ಊರಿನ ಜನ. ಇಂಥ ಕೆಲಸ ಗೊತ್ತಿರುವ ಒಂದು ವಿಭಾಗ ಎಲ್ಲೋ ಸಿದ್ಧವಾಗಿ ಕೂತಿತ್ತು ಎಂಬುದೇ ನನಗೆ ಇದರಲ್ಲಿ ದೊಡ್ಡ ವಿಷಯ.

ಇನ್ನೊಂದು ಕೆಲಸದ ಬಗ್ಗೆ ಯಾರೂ ಮಾತನಾಡುವುದಿಲ್ಲ. ನೀರಿನ ಕೊಳೆಯನ್ನು ಸೂಕ್ಷ್ಮಜೀವಿಗಳ ಬದಲು ರಾಸಾಯನಿಕಗಳಿಂದ ಅಳೆಯುವ ಸಿಒಡಿ ಪರೀಕ್ಷೆಯಲ್ಲಿ ನೀರನ್ನು ಡೈಕ್ರೋಮೇಟ್ ಮತ್ತು ಸಲ್ಫ್ಯೂರಿಕ್ ಆಮ್ಲದೊಂದಿಗೆ 150 ಡಿಗ್ರಿಯಲ್ಲಿ ಎರಡು ಗಂಟೆ ಕಾಯಿಸುತ್ತೇವೆ. ಬೆಳ್ಳಿಯ ಲವಣ, ಪಾದರಸದ ಲವಣವೂ ಅದರಲ್ಲಿರುತ್ತವೆ. ಅಂದರೆ ನೀರು ಎಷ್ಟು ಕೊಳಕಾಗಿದೆ ಎಂದು ತಿಳಿಯಲು ಆ ನೀರಿಗಿಂತ ಹೆಚ್ಚು ವಿಷಕಾರಿಯಾದ ದ್ರವವನ್ನು ನಾವೇ ತಯಾರಿಸುತ್ತೇವೆ. ಅದನ್ನು ತುಂಬಿಡಲು ಸಿಂಕಿನ ಪಕ್ಕದಲ್ಲಿ ಮುಚ್ಚಳ ಬಿಗಿದ, ಚೀಟಿ ಅಂಟಿಸಿದ ಒಂದು ಕ್ಯಾನ್ ಇರಬೇಕು. ಅದರ ತೂಕ, ತುಂಬಿದ ದಿನ, ಕಳುಹಿಸಿದ ದಿನ ಎಲ್ಲ ದಾಖಲಾಗಬೇಕು. ನಾನು ಹೇಳಿದ ಆ ಹಿರಿಯರು ಹೊಸ ವಿದ್ಯಾರ್ಥಿಗಳಿಗೆ ಮೊದಲ ದಿನ ತೋರಿಸುತ್ತಿದ್ದದ್ದು ಆ ಕ್ಯಾನನ್ನೇ.

ಅವರು ನಿವೃತ್ತರಾದ ಮೇಲೆ ಆ ಹುದ್ದೆ ಎರಡು ವರ್ಷ ಖಾಲಿ ಬಿತ್ತು. ಅದೇ ಅವಧಿಯಲ್ಲಿ ಎರಡು ದುಬಾರಿ ಯಂತ್ರಗಳು ಬಂದವು. ಅಧ್ಯಾಪಕರ ಒಂದು ಹೊಸ ನೇಮಕವೂ ಆಯಿತು. ಕ್ಯಾನ್ ತುಂಬಿ, ಅದರ ಪಕ್ಕ ಚೀಟಿಯಿಲ್ಲದ ಇನ್ನೊಂದು ಕ್ಯಾನ್ ಬಂತು. ಸಂಶೋಧನಾ ವಿದ್ಯಾರ್ಥಿಗಳು ತಮ್ಮ ಪ್ರಬಂಧದ ಕೆಲಸ ಬಿಟ್ಟು ಸರದಿಯ ಮೇಲೆ ಬಿಒಡಿ ಬಾಟಲಿಗಳನ್ನು ಇಡುವ ಇನ್‌ಕ್ಯುಬೇಟರ್ ಕಾದರು. ವಿಭಾಗದ ಸಲಹಾ ಮಂಡಳಿಯ ಸಭೆಯಲ್ಲಿ ನಾನು ಒಂದೇ ವಿಷಯ ಎತ್ತಿದೆ, ಮೂರು ಸಭೆಗಳಲ್ಲಿ ಎತ್ತಿದೆ: ಮುಂದಿನ ಯಂತ್ರಕ್ಕೆ ಮೊದಲು ಆ ಹುದ್ದೆ ತುಂಬಿ.

ಹೋದ ವರ್ಷ ಒಬ್ಬ ಯುವತಿ ಆ ಹುದ್ದೆಗೆ ಬಂದಿದ್ದಾರೆ. ಮೊನ್ನೆ ನಮ್ಮ ಘಟಕದ ನೀರು ಒಯ್ದಾಗ ಪರೀಕ್ಷೆಗೆ ಮೊದಲೇ ಅವರು ಕ್ಯಾನಿನ ಮುಚ್ಚಳ ತೆಗೆದು ಮೂಸಿ ನೋಡಿದರು. ಇನ್‌ಕ್ಯುಬೇಟರ್ ಬಾಗಿಲಿಗೆ ಹಳೆಯ ದಪ್ಪ ನೋಟ್‌ಬುಕ್ ಇನ್ನೂ ದಾರದಲ್ಲಿ ಕಟ್ಟಿದೆ. ಹಿರಿಯರ ಅಕ್ಷರ ಮುಗಿದ ಪುಟದ ಆಚೆ ಬೇರೆ ಬೇರೆ ಕೈಬರಹಗಳು, ಅದರಾಚೆ ಇವರ ಅಚ್ಚುಕಟ್ಟಾದ ಅಕ್ಷರ. ನಾನು ನೋಡಿದ ದಿನ ಕೊನೆಯ ಸಾಲು ಹೀಗಿತ್ತು: ಗುರುವಾರ, ಎಂಟು ಬಾಟಲಿ, ಎರಡು ಬೀಜದ್ದು, ಎರಡು ಗ್ಲೂಕೋಸ್. ತೆಗೆಯುವುದು ಮಂಗಳವಾರ ಬೆಳಿಗ್ಗೆ ಹತ್ತಕ್ಕೆ.